ಹೂವಿನ ಗಾಡಿಯ ಕಲ್ಲು

ಕಳೆದ ಶ್ರಾವಣದಲ್ಲಿ ಹಬ್ಬದ ಹೂವಿಗೆಂದು ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಹೂವಿನಾಕೆ ಸೇವಂತಿಗೆ ರಾಶಿಯ ಮೇಲೆ ಹೊದಿಸಿದ್ದ ಒದ್ದೆ ಗೋಣಿಯನ್ನು ಎತ್ತಿದಳು. ನೆನೆದ ಗೋಣಿನಾರಿನ ವಾಸನೆ, ಅದರಡಿಯಿಂದ ಹಸಿ ಸೇವಂತಿಗೆಯ ಕಹಿ ಘಮಲು, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. "ಎಷ್ಟ್ ಮೊಳ ಕೊಡ್ಲಿ ತಾತ?" ಎಂದು ಆಕೆ ಎರಡು ಸಲ ಕೇಳಿದಳೋ ಮೂರು ಸಲವೋ. ನನ್ನ ಮನಸ್ಸು ಆಗಲೇ ಎದುರುಮನೆಯವನ ಹತ್ತಿರ ಹೋಗಿಬಿಟ್ಟಿತ್ತು...

ಐವತ್ತರ ದಶಕದ ಮಾತು. ಮೂಡಲಪಾಳ್ಯದಲ್ಲಿ ಅವನು ನಮ್ಮ ಎದುರುಮನೆಯಲ್ಲಿದ್ದ. ನನ್ನದೇ ವಯಸ್ಸು, ನನ್ನದೇ ಕಸುಬು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದಿದ್ದ ಹಳೆಯ ಪಿಕಪ್ ಗಾಡಿ ನನ್ನ ಹತ್ತಿರ ಒಂದು, ಅವನ ಹತ್ತಿರ ಒಂದು. ಸುತ್ತಲೂ ಹೂವಿನ ತೋಟಗಳು. ಬೆಳಕು ಹರಿಯುವಾಗ ಕೊಯ್ದ ಹೂವನ್ನು ಬಿಸಿಲೇರುವುದರೊಳಗೆ ಪೇಟೆಗೆ ಮುಟ್ಟಿಸುವುದು ನಮ್ಮಿಬ್ಬರ ಕೆಲಸ. ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈ ವಯಸ್ಸಿನಲ್ಲಿ ಅದನ್ನು ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ.

ಹೂವಿನ ಗಾಡಿಯ ಕಷ್ಟ ಓಡಿಸಿದವರಿಗೇ ಗೊತ್ತು. ಆಲೂಗಡ್ಡೆಯನ್ನೋ ಇಟ್ಟಿಗೆಯನ್ನೋ ಹೇರಿದರೆ ಆ ಭಾರಕ್ಕೇ ಗಾಲಿ ನೆಲ ಕಚ್ಚುತ್ತದೆ. ಹೂವು ಗಾಡಿ ತುಂಬಿದರೂ ತೂಕವಿಲ್ಲ. ನಮ್ಮ ಗಾಡಿಗಳಿಗೆ ಇಂಜಿನ್ ಮುಂದೆ, ತಳ್ಳುವ ಗಾಲಿ ಹಿಂದೆ. ಹಿಂದೆ ಭಾರವಿಲ್ಲದಿದ್ದರೆ ಜೇಡಿಮಣ್ಣಿನಲ್ಲಿ ಗಾಲಿ ಸುಮ್ಮನೆ ಸುತ್ತುತ್ತದೆ, ಗಾಡಿ ಕದಲುವುದಿಲ್ಲ. ಮಾಗಡಿ ರಸ್ತೆ ಸೇರಲು ಕೆರೆ ಏರಿಯನ್ನು ಹತ್ತಲೇಬೇಕಿತ್ತು. ಮಳೆ ಬಂದ ಮಾರನೆಯ ದಿನ ನಾನು ಅಲ್ಲಿ ಸಿಕ್ಕಿಕೊಂಡೆನೆಂದರೆ ಯಾರದಾದರೂ ಎತ್ತು ಬಂದು ಎಳೆಯಬೇಕು. ಅವನು ಮಾತ್ರ ಎರಡನೇ ಗೇರಿನಲ್ಲಿ, ಬೀಗರ ಮನೆಗೆ ಹೊರಟವನ ಹಾಗೆ, ಒಂದಿಷ್ಟೂ ಅವಸರವಿಲ್ಲದೆ ಹತ್ತಿಹೋಗುತ್ತಿದ್ದ. ನನ್ನನ್ನು ದಾಟುವಾಗ ಕೈ ಬೇರೆ ಎತ್ತುತ್ತಿದ್ದ.

"ಅವ್ರ ಗಾಡಿ ಒಂದ್ ದಿನಾನೂ ಹೂತ್ಕೊಳ್ಳಲ್ಲ ನೋಡಿ" ಎಂದು ನನ್ನ ಹೆಂಡತಿಯೇ ಮುದ್ದೆಗೆ ಸಾರು ಬಿಡುತ್ತಾ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಆ ವರ್ಷ ತೋಟದವರಲ್ಲಿ ಹಿರಿಯಳಾದ ಅಜ್ಜಿ ನಮ್ಮಿಬ್ಬರನ್ನೂ ಕರೆಸಿದಳು. ತೋಟಗಳ ವಿಷಯದಲ್ಲಿ ಅವಳ ಮಾತೇ ಕೊನೆ. "ದಿನಾ ಎರಡೆರಡು ಗಾಡಿಗೆ ಹಂಚ್ಕೊಂಡು ಕೂರೋಕಾಗಲ್ಲ ಕಣ್ರಪ್ಪಾ. ವರಮಹಾಲಕ್ಷ್ಮಿ ಹಬ್ಬದ ಹೂವ ಯಾರು ಹೊತ್ತಿಗ್ ಸರಿಯಾಗಿ ಮುಟ್ಟಿಸ್ತೀರೋ, ಇನ್ಮೇಲೆ ಎಲ್ಲಾ ಹೂವೂ ಅವ್ರಿಗೇ" ಎಂದಳು. ಸೋತವನು ಗಾಡಿ ಮಾರಬೇಕು, ಅಷ್ಟೆ. ನನಗೆ ಒಂದು ಗುಂಟೆ ಜಮೀನಿರಲಿಲ್ಲ, ಬೇರೆ ಕೆಲಸ ಬರುತ್ತಿರಲಿಲ್ಲ.

ಅವನನ್ನೇ ಕೇಳಿದ್ದರೆ ಗುಟ್ಟು ಹೇಳುತ್ತಿದ್ದ. ಕೇಳಲು ನಾಲಿಗೆ ಏಳಲಿಲ್ಲ. ಅದರ ಬದಲು ಕಿಟಕಿಯ ಹಿಂದೆ ನಿಂತು ಕಳ್ಳನ ಹಾಗೆ ನೋಡಿದೆ. ಮಧ್ಯಾಹ್ನ ಪೇಟೆಯಿಂದ ಬಂದವನು ಗಾಡಿಯ ಹಿಂಬಾಗಿಲು ಇಳಿಸಿ ನಿಂತಿದ್ದ. ಅದರ ಅಂಚಿಗೆ ಒಂದು ಒಡೆದ ಒರಳುಕಲ್ಲು! ಓಹೋ, ಕೈಗುಣವೂ ಅಲ್ಲ, ಮಂತ್ರವೂ ಅಲ್ಲ, ಹೂವಿನ ಕೆಳಗೆ ಕಲ್ಲು ಹೇರಿಕೊಂಡು ಹೋಗುತ್ತಾನೆ. ಪತ್ತೆ ಹಚ್ಚಿದ ಖುಷಿಗೆ ನಾನು ಪೂರ್ತಿ ನೋಡಲಿಲ್ಲ. ಗಾಡಿ ತೊಳೆಯುವುದಕ್ಕೆಂದು ಅವನು ಆ ಕಲ್ಲನ್ನು ಆಗ ತಾನೇ ಅಂಚಿಗೆ ಎಳೆದುಕೊಂಡಿದ್ದ ಎನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಹಬ್ಬದ ಹಿಂದಿನ ದಿನ ಕತ್ತಲು ಹರಿಯುವ ಮೊದಲೇ ಎದ್ದು, ಹಿತ್ತಲಿನ ಬಟ್ಟೆ ಒಗೆಯುವ ಚಪ್ಪಡಿಯನ್ನು ಗಾಡಿಗೆ ಏರಿಸಿದೆ. ಸಾಲದೆನಿಸಿತು. ಅವನದು ಒಡೆದ ಒರಳಾದರೆ ನನ್ನದು ಇಡೀ ಒರಳೇ ಇರಲಿ ಎಂದು ಅಡುಗೆಮನೆಯದನ್ನೂ ಉರುಳಿಸಿಕೊಂಡು ಬಂದೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ನಾಳೆ ಹಬ್ಬ. ಒಬ್ಬಟ್ಟಿನ ಹೂರಣ ಏನ್ ನಿಮ್ ತಲೆ ಮೇಲೆ ರುಬ್ಬಲಾ?" ಎಂದಳು. ಒರಳನ್ನು ಅವಳ ಪಕ್ಕದಿಂದಲೇ ಉರುಳಿಸಿಕೊಂಡು ಹೊರಬಿದ್ದೆ. ಎರಡನ್ನೂ ಹಿಂಬಾಗಿಲಿಗೆ ಒತ್ತಿ ಇಟ್ಟು, ಮೇಲೆ ಗೋಣಿ ಹಾಸಿ, ತೋಟಕ್ಕೆ ಹೋಗಿ ಹೂವು ತುಂಬಿಸಿಕೊಂಡೆ.

ರಾತ್ರಿಯೆಲ್ಲ ಸುರಿದ ಮಳೆ ಆಗಷ್ಟೇ ನಿಂತಿತ್ತು. ಕೆರೆ ಏರಿಯನ್ನು ಗಾಡಿ ಸರಾಗವಾಗಿ ಹತ್ತತೊಡಗಿತು. ಹಿಂದೆ ಬರುತ್ತಿದ್ದ ಅವನನ್ನು ಕನ್ನಡಿಯಲ್ಲಿ ನೋಡಿ ನಾನೂ ಕೈ ಎತ್ತಿದೆ. ಮುಂದೆ ತಿರುವು ಬಂತು. ಸ್ಟೇರಿಂಗ್ ತಿರುಗಿಸಿದೆ. ಗಾಡಿ ತಿರುಗಲಿಲ್ಲ... ಹಿಂದಿನ ಭಾರಕ್ಕೆ ಮುಂದಿನ ಗಾಲಿಗಳು ನೆಲವನ್ನು ಹಿಡಿಯುವುದನ್ನೇ ಬಿಟ್ಟಿದ್ದವು. ನೇರವಾಗಿ ಹೋಗಿ ಪಕ್ಕದ ಕೆಸರಿನ ಹಳ್ಳಕ್ಕೆ ಇಳಿಯಿತು. ನಾನು ಸಿಟ್ಟಿನಿಂದ ಆಕ್ಸಿಲರೇಟರ್ ತುಳಿದೆ, ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿತು.

ಅವನಿಗೆ ಪಕ್ಕದಲ್ಲಿ ಹೋಗುವಷ್ಟು ದಾರಿಯಿತ್ತು. ಹೋಗಲಿಲ್ಲ. ಆ ಏರಿನಲ್ಲಿ ಅರ್ಧಕ್ಕೆ ನಿಂತರೆ ಅಲ್ಲಿಂದ ಮತ್ತೆ ಹೊರಡಲಾಗುವುದಿಲ್ಲ, ಕೆಳಗಿನ ತನಕ ಹಿಮ್ಮುಖವಾಗಿ ಇಳಿದು ಪುನಃ ಬರಬೇಕು. ಅದು ಗೊತ್ತಿದ್ದೂ ನಿಲ್ಲಿಸಿದ. ನನ್ನ ಗಾಡಿಯ ಹಿಂದೆ ಬಂದು ಗೋಣಿ ಎತ್ತಿ ನೋಡಿದ.

"ಕಲ್ಲು ಇಲ್ಯಾಕಿಟ್ಟೆ?"

ನಾನು ಇಳಿದು ಬಂದು ಗೋಣಿಯನ್ನು ಮತ್ತೆ ಮುಚ್ಚಹೋದೆ.

"ಗಾಲಿ ಅಚ್ಚಿನ ಮೇಲಕ್ಕೆ ಬರೋ ಹಂಗೆ ಇಡ್ಬೇಕು ಕಣೋ. ಬಾಲಕ್ಕೆ ಕಟ್ಟಿದ್ರೆ ಮೂತಿ ಮೇಲೇಳುತ್ತೆ. ಒಂದ್ ಮಾತು ಕೇಳೋದಲ್ವಾ?" ಎಂದ. ಗೇಲಿ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾಡಲಿಲ್ಲ.

ಇಬ್ಬರೂ ಸೇರಿ ಕಲ್ಲುಗಳನ್ನು ಸರಿಸಿದೆವು. ಹಿಂದಿನ ಟೈರುಗಳಿಂದ ಒಂದಿಷ್ಟು ಗಾಳಿ ಬಿಟ್ಟ, ಹೆಚ್ಚು ನೆಲ ಹಿಡಿಯಲಿ ಎಂದು. ಆಮೇಲೆ ತನ್ನ ಹೂವಿಗೆ ಹೊದಿಸಿದ್ದ ಗೋಣಿಗಳನ್ನೇ ಎಳೆದು ತಂದು ನನ್ನ ಗಾಲಿಗಳ ಕೆಳಗೆ ತುರುಕಿದ. "ಮೆಲ್ಲಗೆ ಬಿಡು. ಮೇಲೆ ಬಂದ್ರೆ ನಿಲ್ಲಿಸ್ಬೇಡ, ಹೋಗ್ತಾ ಇರು" ಎಂದ. ಗಾಡಿ ಮೇಲೆ ಬಂತು. ಅವನ ಗೋಣಿಗಳು ಕೆಸರಿನಲ್ಲಿ ಚಿಂದಿಯಾದವು.

ಏರಿಯ ಮೇಲೆ ಗಟ್ಟಿ ನೆಲವಿತ್ತು, ಅಲ್ಲಿ ನಿಲ್ಲಿಸಬಹುದಿತ್ತು. ಕನ್ನಡಿಯಲ್ಲಿ ಅವನ ಗಾಡಿ ಹಿಂದಹಿಂದಕ್ಕೆ ಇಳಿಯುವುದು ಕಂಡಿತು. ನಾನು ನಿಲ್ಲಿಸಲಿಲ್ಲ.

ಪೇಟೆಯಲ್ಲಿ ನನ್ನ ಹೂವು ಕೆಳಗಿಳಿಸುವ ಮೊದಲೇ ಮಾರಿಹೋಯಿತು. ಅವನು ಬಂದಾಗ ಕೊಳ್ಳುವವರೆಲ್ಲ ಮನೆ ಸೇರಿದ್ದರು, ಗೋಣಿಯಿಲ್ಲದೆ ಬಂದ ಸೇವಂತಿಗೆ ಬಿಸಿಲಿಗೆ ತಲೆ ಬಗ್ಗಿಸಿತ್ತು. ಮಧ್ಯಾಹ್ನ ಅಜ್ಜಿ ನಮ್ಮ ಬೀದಿಗೇ ಬಂದಳು. ಅವನು ಗಾಡಿ ತೊಳೆಯುತ್ತಿದ್ದ. ಅವನಿಗೂ ಕೇಳಿಸುವ ಹಾಗೆ ನನ್ನನ್ನು ಕೇಳಿದಳು: "ದಾರೀಲಿ ಏನಾಯ್ತಪ್ಪಾ ಇವ್ನಿಗೆ?"

"ನಂಗೊತ್ತಿಲ್ಲಮ್ಮಾ, ನಾನು ಮುಂದಿದ್ದೆ" ಎಂದೆ.

ಅವನು ಒಂದೇ ಒಂದು ಸಲ ನನ್ನ ಕಡೆ ನೋಡಿದ. ಬಾಯಿ ಬಿಟ್ಟಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ತಿರುಗಿ ಇನ್ನೊಂದು ಕೊಡ ನೀರು ಹೊಯ್ದ. ತಿಂಗಳೊಳಗೆ ಗಾಡಿ ಮಾರಿ, ಕೆಂಗೇರಿಯ ಇಟ್ಟಿಗೆ ಗೂಡಿನಲ್ಲಿ ಡ್ರೈವರ್ ಕೆಲಸ ಹಿಡಿದು, ಸಂಸಾರ ಸಮೇತ ಹೊರಟುಹೋದ. ಹೂವೆಲ್ಲ ನನ್ನದಾಯಿತು. ಮಳೆಯಲ್ಲಿ ನನ್ನ ಗಾಡಿಯೂ ಸಿಕ್ಕಿಕೊಳ್ಳುವುದು ನಿಂತಿತು, ಕಲ್ಲು ಎಲ್ಲಿಡಬೇಕೆಂದು ಕಲಿತಿದ್ದೆನಲ್ಲ. ಜನ ನನಗೂ ಕೈಗುಣವಿದೆ ಎಂದರು. ಹಾಗೆಂದಾಗಲೆಲ್ಲ ಅವನ ಮೇಲಿನ ಕಿಚ್ಚು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಯಾಕೆಂದು ಯಾರಿಗೆ ಹೇಳಲಿ...

ಮಾರ್ಕೆಟ್ಟಿಗೆ ಹೋಗಿಬಂದ ವಾರವೇ ಕೆಂಗೇರಿಗೆ ಹೋದೆ. ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲು ತೆಗೆದವಳು ಅವನ ಮಗಳು. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತನ್ನು ಅವಳಿಗೇ ಹೇಳಿದೆ. ಕಲ್ಲು, ಗೋಣಿ, ಅಜ್ಜಿ ಕೇಳಿದ್ದು, ನಾನು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ.

ಅವಳು ನನಗೊಂದು ಕುರ್ಚಿ ಎಳೆದು ಹಾಕಿದಳು. "ಅಪ್ಪ ಇದ್ಯಾವ್ದೂ ಹೇಳಿಲ್ಲ. ಮೂಡಲಪಾಳ್ಯದಲ್ಲಿ ಎದುರುಮನೇಲಿ ಒಬ್ರು ಸ್ನೇಹಿತ್ರಿದ್ರು, ಇಬ್ರೂ ಒಟ್ಟಿಗೆ ಹೂವು ಸಾಗಿಸ್ತಿದ್ವಿ ಅಂತ ಮಾತ್ರ ಹೇಳೋರು. ಆ ಸ್ನೇಹಿತ್ರು ನೀವೇನಾ?"

ಅಲ್ಲ ಎನ್ನುವುದೇ ನಿಜವಾಗಿತ್ತು. ಹೌದು ಎಂದೆ. ನನ್ನನ್ನು ಸ್ನೇಹಿತನೆನ್ನಲು ಅವನಿಗೆ ಹೇಗೆ ಸಾಧ್ಯವಾಯಿತು ಎಂದು ಮತ್ತೆ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚು ಪಡುವುದಕ್ಕೂ ಇನ್ನು ಅವನಿಲ್ಲವಲ್ಲ ಎಂದು, ಆ ಹೆಣ್ಣುಮಗಳ ಮುಂದೆಯೇ ಅತ್ತುಬಿಟ್ಟೆ.