ಒಂದೋ, ಮೈನಸ್ ಒಂದೋ

ಸಿಂಧನೂರು ದಾಟುವಾಗ ಬಸ್ಸಿನ ಕಿಟಕಿಯಿಂದ ರೈಸ್ ಮಿಲ್ಲಿನಲ್ಲಿ ಭತ್ತ ಬೇಯುವ ವಾಸನೆ ಬಂತು. ಹಸಿದವರಿಗೆ ಒಳ್ಳೆಯ ವಾಸನೆಯೇ ಇರಬಹುದು, ನಾನು ಕಿಟಕಿ ಮುಚ್ಚಿದೆ. ನಮ್ಮ ಕಾಲೇಜಿನ ಹಿಂದೆಯೂ ಇಂಥದೇ ಮಿಲ್ಲು. ಬಿಎಸ್ಸಿ ಓದುವಾಗ ಇದೇ ವಾಸನೆಯಲ್ಲಿ ಕೂತು ನಮ್ಮ ಫಿಜಿಕ್ಸ್ ಸರ್ ಪಾಠ ಕೇಳಿದ್ದೆ...

ಅವರಿಗೆ ನಮ್ಮ ಹೆಸರು ಬೇಕಿರಲಿಲ್ಲ, ಊರಿನ ಹೆಸರಿಂದ ಕೂಗುತ್ತಿದ್ದರು. ಅವತ್ತು ಥರ್ಮೋಡೈನಾಮಿಕ್ಸ್. ಒತ್ತಡ, ಉಷ್ಣತೆ, ಗಾತ್ರ ಈ ಮೂರರಲ್ಲಿ ಒಂದನ್ನು ಸ್ಥಿರವಾಗಿಟ್ಟು, ಉಳಿದೆರಡರಲ್ಲಿ ಒಂದು ಇನ್ನೊಂದರ ಜೊತೆ ಹೇಗೆ ಬದಲಾಗುತ್ತದೆ ಎನ್ನುವ ಮೂರು ಡೆರಿವೇಟಿವ್‌ಗಳನ್ನು ಸಾಲಾಗಿ ಬರೆದು ಗುಣಿಸಿದರು. ಆಮೇಲೆ ಭಿನ್ನರಾಶಿಯಲ್ಲಿ ಮಾಡುವಂತೆ ಮೇಲಿನದನ್ನೂ ಕೆಳಗಿನದನ್ನೂ ಗೀಟೆಳೆದು ಹೊಡೆದರು. ಉತ್ತರ ಒಂದು ಎಂದರು. ಲೈಬ್ರರಿ ಪುಸ್ತಕದಲ್ಲಿ ಮೈನಸ್ ಒಂದಿತ್ತು. ಎದ್ದು ನಿಂತೆ.

“ಸರ್, ಹಂಗ ಹೊಡ್ಯಾಕ ಬರಂಗಿಲ್ರಿ. ಒಂದೊಂದು ಸಲ ಒಂದೊಂದು ಸ್ಥಿರ ಇಟ್ಟೀವ್ರಿ.”

“ಏ ಬಳಗಾನೂರು, ಮೈನಸ್ಸೇನು ನಿಮ್ಮಪ್ಪ ಹೊಲದಾಗಿಂದ ತಂದಾನೇನು? ಕುಂದ್ರು.”

ಇಡೀ ಕ್ಲಾಸು ನಕ್ಕಿತು. ಪುಸ್ತಕ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟೆ. ತೆರೆದೂ ನೋಡದೆ “ಪ್ರಿಂಟಿಂಗ್ ಮಿಸ್ಟೇಕ್ ಐತಿ” ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿ ಆ ಮನುಷ್ಯ.

ಇಂಟರ್ನಲ್ ಪರೀಕ್ಷೆಗೆ ಬೇಕಂತಲೇ ಅದನ್ನೇ ಕೇಳಿದರು. “ಒಂದು ಅಂತ ಬರದು ಕೈ ತೊಳ್ಕೋಬೇ, ಇಲ್ಲಂದ್ರ ಎಮ್ಮೆಸ್ಸಿ ಸೀಟ್ ಹೋಗತೈತಿ” ಎಂದು ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಮೊದಲೇ ಹೇಳಿದ್ದಳು. ನಾನು ಮೈನಸ್ ಒಂದು ಬರೆದೆ. ಅದೊಂದಕ್ಕೇ ಅಂಕ ಕಳೆದಿದ್ದರೆ ಸುಮ್ಮನಿರುತ್ತಿದ್ದೆ. ಪ್ರಾಕ್ಟಿಕಲ್‌ನಲ್ಲೂ, ಹಾಜರಿಯಲ್ಲೂ ಅಂಕ ಕತ್ತರಿಸಿದರು. ಎಮ್ಮೆಸ್ಸಿ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ‘ಒಂದು’ ಎಂದು ಬರೆದ ಆ ಗೆಳತಿಯ ಹೆಸರು ಬಂತು. ಈಗ ನಾನು ಲಿಂಗಸುಗೂರಿನಲ್ಲಿ ಟ್ಯೂಷನ್ ಹೇಳುತ್ತೇನೆ. ಚೆನ್ನಾಗಿಯೇ ಹೇಳುತ್ತೇನೆ, ಆದರೆ ನನಗೆ ಬೇಕಾಗಿದ್ದದ್ದು ಇದಲ್ಲ...

ಮಸ್ಕಿಯಲ್ಲಿ ಅದೇ ಗೆಳತಿ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತವಳೇ ದನಿ ತಗ್ಗಿಸಿದಳು.

“ಸರ್ ಹೋದ ತಿಂಗಳ ತೀರಿಕೊಂಡಾರಂತ. ಇನ್ನಾದರೂ ಆ ಸಿಟ್ಟು ಬಿಡಬೇ.”

ಹೇಗೆ ಬಿಡಲಿ? ಯಾವುದೋ ಮದುವೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಂದಾದರೂ ಎದುರಾಗುತ್ತಾರೆ, ಅಂದು ‘ನೀ ಅಂದಿದ್ದೇ ಖರೆ’ ಎಂದು ಅವರ ಬಾಯಿಂದಲೇ ಹೇಳಿಸಬೇಕು ಎಂದು ಇಷ್ಟು ವರ್ಷ ಕಾದಿದ್ದೆ. ಸೀಟಂತೂ ಹೋಗಿತ್ತು, ಈಗ ಆ ಮಾತೂ ಹೋಯಿತು.

ಕಣ್ಣು ತುಂಬಿ ಬಂತು. ಸರ್ ಮೇಲಿನ ಮಮತೆ ಎಂದುಕೊಂಡಳೋ ಏನೋ, ಗೆಳತಿ ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಂಡೆ.