ಏಟು ತಪ್ಪಿದ ಬೆಳಗಿನ ಗಂಟೆ

ಇನ್ನೂ ಬೆಳಕು ಹರಿದಿಲ್ಲ. ಚರ್ಚಿನ ಗೋಪುರದ ಬುಡದ ಇಕ್ಕಟ್ಟು ಕೋಣೆಯಲ್ಲಿ ಗಂಟೆಯಣ್ಣ ಚಪ್ಪಲಿ ಕಳಚಿ, ಅಂಗೈ ಉಜ್ಜಿಕೊಂಡು ಹಗ್ಗಕ್ಕೆ ಕೈ ಹಾಕುತ್ತಾರೆ. ತಲೆಯ ಮೇಲೆ ಢಣ್! ಗೋಡೆಗೆ ಗೋಡೆಯೇ ನಡುಗುತ್ತದೆ. ಅರವತ್ತು ದಾಟಿದ ಆ ಸಣಕಲು ದೇಹ ಹಗ್ಗದ ಜೊತೆಗೇ ಮೇಲೇಳುತ್ತದೆ, ಇಳಿಯುತ್ತದೆ. ಆಹಾ, ನೋಡಲು ಎರಡು ಕಣ್ಣು ಸಾಲದು! ಅಷ್ಟರಲ್ಲಿ ಬಲಭುಜ ಚಳಕ್ಕೆಂದು ಕೈ ಜಾರುತ್ತದೆ. ಒಂದು ಏಟು ತಪ್ಪಿಯೇ ಹೋಗುತ್ತದೆ. ಉಳಿದದ್ದನ್ನು ಎಡಗೈಯಲ್ಲಿ ಹೇಗೋ ಮುಗಿಸಿ ಅವರು ಮೆಟ್ಟಿಲ ಮೇಲೆ ಕುಸಿಯುತ್ತಾರೆ.

"ಕೆಟ್ಟೆ! ಅವಳು ಕೇಳಿಸ್ಕೊಂಡಿರ್ತಾಳೆ!"

ಅವಳೆಂದರೆ ಹೆಂಡತಿ. ಊರಿಗೆಲ್ಲ ಇದು ಪೂಜೆಗೆ ಕರೆಯುವ ಗಂಟೆ, ಆಕೆಗೆ ಮಾತ್ರ ಗಂಡ ಕುಡಿದಿಲ್ಲವೆಂಬ ಖಾತರಿ. ಏಟು ತಪ್ಪಿದ ದಿನ ಗಂಟುಮೂಟೆ ಕಟ್ಟುತ್ತೇನೆಂದು ಆಕೆ ಹೇಳಿಬಿಟ್ಟಿದ್ದಾರೆ. ಹೇಳಿ ಸುಮ್ಮನಾಗುವ ಪೈಕಿಯಂತೂ ಅಲ್ಲ.

ಬಾಗಿಲ ಮೇಲೆ ಒಂದು ಕಣ್ಣಿಟ್ಟುಕೊಂಡೇ ಗಂಟೆಯಣ್ಣ, ತಮ್ಮ ಬಗ್ಗೆ ಬರೆದುಕೊಳ್ಳಲು ಪುಸ್ತಕ ಹಿಡಿದು ಬಂದವರ ಮುಂದೆ ಹಳೆಯ ಕಥೆ ಬಿಚ್ಚುತ್ತಾರೆ. ದಿನಕ್ಕೆ ಮೂರು ಹೊತ್ತು ಗಂಟೆ, ಮೂರು ಹೊತ್ತೂ ಕುಡಿತ. ಬಾಟಲಿಗೆ ಈ ಮೆಟ್ಟಿಲ ಕೆಳಗೇ ಜಾಗ. ಸಾಕಾಗಿ ಹೆಂಡತಿ ಅಣ್ಣನ ಮನೆ ಸೇರಿದ್ದರು, ಎರಡು ಬೀದಿ ಆಚೆ. ಸತ್ತರೂ ನಿಮ್ಮ ಮುಖ ನೋಡಲ್ಲ ಎಂದು ಹೇಳಿಯೇ ಹೋಗಿದ್ದರು.

ಒಂದು ಬೆಳಗ್ಗೆ ಇವರು ಕಂಠಪೂರ್ತಿ ಕುಡಿದು ಹಗ್ಗ ಹಿಡಿದರು. ಒಂದು ಏಟು ಹೊಡೆದು ತೂಗಾಡುವುದು, ನೆನಪಾದಾಗ ಇನ್ನೊಂದು ಹೊಡೆಯುವುದು. ಹೀಗೆ ಬಿಟ್ಟು ಬಿಟ್ಟು ಹೊಡೆಯುವುದು ಸಾವಿನ ಗಂಟೆಗೆ ಮಾತ್ರ! ಊರು ಎದ್ದು ಕೂತಿತು. ಹೆಂಡತಿಯೂ ಕಿವಿಗೊಟ್ಟರು. ಗಂಡನ ಕೈಯ ಏಟು ಆಕೆಗೆ ಚೆನ್ನಾಗಿ ಗೊತ್ತು, ಇದು ಆ ಕೈ ಅಲ್ಲ. ಬೇರೆ ಯಾರೋ ಹೊಡೆಯುತ್ತಿದ್ದಾರೆ ಎಂದರೆ ಸತ್ತವನು ತನ್ನ ಗಂಡನೇ! ಕೆದರಿದ ತಲೆಯಲ್ಲಿ, ಬರಿಗಾಲಲ್ಲಿ, ಎದೆ ಬಡಿದುಕೊಂಡು ಓಡಿಬಂದರೆ ಪುಣ್ಯಾತ್ಮ ಹಗ್ಗಕ್ಕೆ ಜೋತುಬಿದ್ದಿದ್ದಾನೆ.

"'ಏನ್ರೀ, ಸತ್ತಿಲ್ವಾ ನೀವು?' ಅಂದ್ಲು. ಇಲ್ಲ ಕಣೇ ಅಂದೆ. ಕೆನ್ನೆಗೆ ಒಂದು ಬಿಟ್ಲು ನೋಡಿ, ಕುಡಿದಿದ್ದೆಲ್ಲ ಜರ್ರಂತ ಇಳೀತು! ಆಮೇಲೆ ಇಲ್ಲೇ ಕೂತು ಗೊಳೋ ಅಂತ ಅತ್ಲು. ನನಗೋಸ್ಕರ ಅಳೋ ಜೀವ ಇನ್ನೂ ಒಂದಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಈ ಕುಡುಕನನ್ನು ಮೊದಲು ಓಡಿಸಿ ಎಂದು ಊರವರು ಪಟ್ಟು ಹಿಡಿದರು. ಹೆದರಿ ಗುರುವನ್ನೇ ಅರಿಯೆನೆಂದ ಶಿಷ್ಯನ ಕೈಗೇ ಯೇಸುಸ್ವಾಮಿ ತನ್ನ ಭಕ್ತರ ಮಂದೆ ಒಪ್ಪಿಸಲಿಲ್ಲವೇ, ಇವನಿಗೊಂದು ಹಗ್ಗ ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ ಎಂದು ಫಾದರ್ ಎಲ್ಲರ ಬಾಯಿ ಮುಚ್ಚಿಸಿದರು. ಬಾಟಲಿ ಚರಂಡಿ ಸೇರಿತು. ಹೆಂಡತಿ ಷರತ್ತು ಹಾಕಿಯೇ ಮನೆಗೆ ಬಂದರು.

ಹಾಗಾದರೆ ಕುಡಿದದ್ದೇ ಒಳ್ಳೆಯದಾಯಿತಲ್ಲ ಎಂದು ಬರೆದುಕೊಳ್ಳಲು ಬಂದವರು ತಮಾಷೆ ಮಾಡಿದ್ದೇ ತಡ, ಗಂಟೆಯಣ್ಣ ಸಿಡಿದೇಳುತ್ತಾರೆ.

"ಬಿಡ್ತು ಅನ್ನಿ! ಕುಡಿದಿದ್ದು ನನ್ನ ಪಾಪ. ಅದನ್ನ ದೇವರ ತಲೆಗೆ ಕಟ್ಟಿದ್ರೆ ನಾಲಿಗೆ ಬಿದ್ದುಹೋಗುತ್ತೆ. ಆದ್ರೆ ಅಂಥ ಹೊಲಸನ್ನೂ ಅವನು ಬಿಸಾಕ್ಲಿಲ್ಲ ನೋಡಿ! ಅದರಿಂದಾನೇ ಇವಳನ್ನ ನನ್ನ ಮುಂದೆ ತಂದು ನಿಲ್ಲಿಸ್ದ. ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ!"

ಹೊರಗೆ ಹೆಜ್ಜೆ ಸದ್ದು. ಗಂಟೆಯಣ್ಣನ ಮುಖ ಬಿಳಿಚಿಕೊಳ್ಳುತ್ತದೆ. ಹೆಂಡತಿ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಾರೆ.

"ಕುಡಿದಿಲ್ಲ ಕಣೇ, ದೇವರಾಣೆ! ಬೇಕಾದ್ರೆ ಬಾಯಿ ಮೂಸಿ ನೋಡು!"

"ಥೂ, ಬೆಳಬೆಳಗ್ಗೆ ನಿಮ್ಮ ಬಾಯಿ ಯಾರು ಮೂಸ್ತಾರೆ?" ಎಂದವರೇ ಸೆರಗಿನೊಳಗಿಂದ ನೋವಿನ ಎಣ್ಣೆಯ ಸೀಸೆ ತೆಗೆಯುತ್ತಾರೆ. "ಭುಜ ತೋರಿಸಿ. ಕುಡಿದೋರ ಏಟು ಎಳೆದೆಳೆದು ಬೀಳುತ್ತೆ, ಇವತ್ತು ತಟ್ಟಂತ ನಿಂತುಹೋಯ್ತು. ಅಷ್ಟೂ ಗೊತ್ತಾಗಲ್ವಾ ನಂಗೆ? ಯಾವತ್ತಿಂದ ನೋವು?"

"ಮೊನ್ನೆಯಿಂದ."

"ಬಾಯಿಬಿಟ್ಟು ಹೇಳೋಕೇನು ಧಾಡಿ?"

ಅಂಗಿಯ ಗುಂಡಿ ಬಿಚ್ಚಿ, ಎಣ್ಣೆ ಸುರಿದು, ಗಸಗಸ ತಿಕ್ಕುತ್ತಾರೆ. ಗಂಟೆಯಣ್ಣ ಅಯ್ಯಯ್ಯೋ ಎನ್ನುತ್ತಾರೆ, ಆದರೆ ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ. ಹೆಂಡತಿಯ ಕೈಯ ಕೆಳಗಿಂದಲೇ ಕತ್ತು ಹೊರಳಿಸಿ ಕೂಗಿ ಹೇಳುತ್ತಾರೆ:

"ಬರ್ಕೊಳ್ಳಿ ಸಾರ್, ಬರ್ಕೊಳ್ಳಿ! ಮೂಸಿ ನೋಡ್ಲಿಲ್ಲ ಅವಳು!"