ಕಿವಿಯ ಕಡೆ ನೋಡುತ್ತಿದ್ದ ದೊಡ್ಡಾಯಿ

ಕಳೆದ ವಾರ ನಮ್ಮ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಆದವರಿಗಿರುವ ಪೋಸ್ಟ್‌ಡಾಕ್ ಹುದ್ದೆಗೆ ಸಂದರ್ಶನ ನಡೆಸುತ್ತಿದ್ದಾಗ ಪಕ್ಕದಲ್ಲಿದ್ದ ಸಹೋದ್ಯೋಗಿ ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡರು. ಆ ವಾಸನೆ ಬಂದದ್ದೇ ತಡ, ನನಗೆ ನಮ್ಮೂರು ಹೆಗ್ಗರಣೆಯ ಮೇಲಿನಮನೆ ನೆನಪಾಯಿತು. ಊರಿಗೆಲ್ಲ ಒಂದೇ ಆಗಿದ್ದ ಅಲ್ಲಿನ ಫೋನಿನ ರಿಸೀವರು ಸದಾ ಅದೇ ಮುಲಾಮಿನ ವಾಸನೆ ಹೊಡೆಯುತ್ತಿತ್ತು...

ಆ ಮನೆಯಾಕೆ ಊರಿಗೆಲ್ಲ ದೊಡ್ಡಾಯಿ. ಊರಿಗೆ ಬಂದ ಹೊಸ ಸೊಸೆಯರೆಲ್ಲ ಅವರ ವಿಷಯದಲ್ಲಿ ಒಂದೇ ತಪ್ಪು ಮಾಡುತ್ತಿದ್ದರು. ನಮಸ್ಕಾರ ಮಾಡಿ ಎದ್ದರೆ ದೊಡ್ಡಾಯಿ ಬೇರೆಲ್ಲೋ ನೋಡುತ್ತಿದ್ದರು. ಮುದುಕಿಗೆ ಎಷ್ಟು ಸೊಕ್ಕು, ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ಆ ಹುಡುಗಿಯರು ಒಳಗೇ ಕುದಿಯುತ್ತಿದ್ದರು. ವಿಷಯ ಬೇರೆಯೇ ಇತ್ತು. ದೊಡ್ಡಾಯಿಯ ಕಣ್ಣಿನ ಪರದೆಯ ನಡುಭಾಗ ಹಾಳಾಗಿತ್ತು. ನೇರ ನೋಡಿದರೆ ಎದುರಿನವರ ಮುಖವೇ ಮಾಯ. ಕಿವಿಯ ಕಡೆ ನೋಡಿದರೆ ಮುಖ ಕಾಣುತ್ತಿತ್ತು. ಯಾರೂ ಹೇಳಿಕೊಡದೆ ಹಾಗೆ ನೋಡುವುದನ್ನು ರೂಢಿಸಿಕೊಂಡು ಅಡುಗೆ, ಹೂ ಕಟ್ಟುವುದು ಎಲ್ಲ ಮಾಡುತ್ತಿದ್ದರು. ಇದು ಹೇಗೆ ಸಾಧ್ಯ ಎಂಬ ಕುತೂಹಲವೇ ನನ್ನನ್ನು ದೃಷ್ಟಿ ಮತ್ತು ಮಿದುಳಿನ ಸಂಶೋಧನೆಗೆ ಎಳೆದದ್ದು.

ತೊಂಬತ್ತರ ದಶಕದ ಕೊನೆಯಲ್ಲಿ ಪಿಎಚ್‌ಡಿ ಮುಗಿಸಿ, ಫೆಲೋಶಿಪ್ಪೂ ಮುಗಿದು ಊರಿಗೆ ಬಂದು ಕೂತಿದ್ದೆ. ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ, ಕಣ್ಣಿನ ನಡುಭಾಗ ಕಳೆದುಕೊಂಡವರ ಮಿದುಳು ಹೇಗೆ ಹೊಂದಿಕೊಳ್ಳುತ್ತದೆ ಎಂದು ನೋಡುವ ಪೋಸ್ಟ್‌ಡಾಕ್ ಕೆಲಸವಿತ್ತು. ಅದು ಸಿಗದಿದ್ದರೆ ಸಂಶೋಧನೆಗೆ ಕೈಮುಗಿಯಬೇಕಿತ್ತು. ನಮ್ಮ ಮನೆಗೆ ಫೋನಿರಲಿಲ್ಲ, ಅರ್ಜಿಯಲ್ಲಿ ದೊಡ್ಡಾಯಿಯ ಮನೆ ನಂಬರು ಕೊಟ್ಟಿದ್ದೆ.

ಸಂದರ್ಶನ ಫೋನಿನಲ್ಲೇ ಇತ್ತು. ಆ ಮಧ್ಯಾಹ್ನ ಫೋನ್ ಮಾಡಲು ಬಂದ ಊರವರನ್ನೆಲ್ಲ ದೊಡ್ಡಾಯಿ ಬಾಗಿಲಲ್ಲೇ ತಡೆದರು. ಆದರೆ ಮನೆಗೆ ಬಂದವರಿಗೆ ಆಸರಿಗೆ ಎಂದು ಕುಡಿಯಲು ಏನಾದರೂ ಕೊಡದೆ ಕಳಿಸುವುದುಂಟೇ? ಎಲ್ಲರಿಗೂ ಮುರುಗಲು ಪಾನಕ ಕೊಟ್ಟು ಜಗುಲಿಯ ಮೇಲೆ ಸಾಲಾಗಿ ಕೂರಿಸಿ, ಬಾಯಿಗೆ ಬೆರಳಿಟ್ಟು ತೋರಿಸಿದರು. ಮೂರು ಹೊತ್ತೂ ಹರಟುವ ನಮ್ಮೂರ ಗಂಡಸರು ಅವತ್ತು ಪಾನಕವನ್ನೂ ಸದ್ದಿಲ್ಲದೆ ಕುಡಿದರು.

ಈ ವಿಷಯದಲ್ಲೇ ನಿನಗೇಕೆ ಆಸಕ್ತಿ ಎಂದು ಪ್ರೊಫೆಸರು ಕೇಳಿದಾಗ, ಸಿದ್ಧಮಾಡಿಕೊಂಡಿದ್ದ ಉತ್ತರವೆಲ್ಲ ಮರೆತುಹೋಯಿತು. ಬಾಗಿಲಲ್ಲಿ ಕಾವಲು ಕೂತಿದ್ದ ದೊಡ್ಡಾಯಿಯನ್ನು ನೋಡುತ್ತ ಅವರ ಬಗ್ಗೆಯೇ ಹೇಳಿದೆ. ಆ ಕಡೆಯಿಂದ ಪ್ರಶ್ನೆಯ ಮೇಲೆ ಪ್ರಶ್ನೆ ಬಂತು.

ಫೋನಿಟ್ಟ ಮೇಲೆ ದೊಡ್ಡಾಯಿ ನನ್ನ ಕಿವಿಯ ಕಡೆ ನೋಡುತ್ತ ಕೇಳಿದರು, "ಎಂತ ಕೇಳ್ದ ಕೂಸೆ ಅಂವ?"

"ನಿಮ್ಮ ಕಣ್ಣಿನ ಬಗ್ಗೇನೇ ಕೇಳ್ದ."

"ಔಷಧಿ ಇದ್ದಡ ಇದಕ್ಕೆ?"

"ಇಲ್ಲೆ ದೊಡ್ಡಾಯಿ. ಮಿದುಳು ಎಂತ ಮಾಡ್ತು ಹೇಳಿ ನೋಡದು ಅಷ್ಟೆ."

ಅವರು ನಕ್ಕುಬಿಟ್ಟರು. "ಅಷ್ಟಾದ್ರೂ ಯಾರಾದ್ರೂ ನೋಡ್ಲಿ. ಹೋಗಿ ಬಾ."

ಕೆಲಸ ಸಿಕ್ಕಿತು. ಮೊದಲ ರಜೆಗೆ ಬಂದವಳು ನೇರ ಮೇಲಿನಮನೆಗೆ ಓಡಿದೆ. ಅವರ ಸೊಸೆ ಸಂಭ್ರಮದಲ್ಲಿ ಹೇಳಿದಳು, "ಅತ್ತೆ ಈಗ ಎದ್ರಿಗೆ ಮುಖ ನೋಡ್ಕಂಡೇ ಮಾತಾಡ್ತು, ಎಷ್ಟೋ ಸುಧಾರ್ಸಿದ್ದು."

ದೊಡ್ಡಾಯಿ ಧ್ವನಿ ಬಂದ ಕಡೆ ತಿರುಗಿ, ಮೊದಲ ಸಲ ನನ್ನ ಮುಖವನ್ನೇ ನೇರ ನೋಡಿ ನಕ್ಕರು. ಅಂಚಿನಲ್ಲಿ ಉಳಿದಿದ್ದ ನೋಟವೂ ಹೋಗಿತ್ತು. ಇನ್ನು ಓರೆಯಾಗಿ ನೋಡಿ ಅವರಿಗೆ ಕಾಣಬೇಕಾದ್ದು ಏನೂ ಇರಲಿಲ್ಲ. ಸೊಸೆಗೆ ನಾನು ಏನೂ ಹೇಳಲಿಲ್ಲ. ದೊಡ್ಡಾಯಿಯೂ ಹೇಳಿರಲಿಲ್ಲ...

ಅವರು ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು. ಕಳೆದ ವಾರ ಸಂದರ್ಶನದ ಕೊನೆಗೆ, ಹುದ್ದೆ ಕೇಳಿ ಬಂದಿದ್ದ ಹುಡುಗಿ ಕೇಳಿದಳು, ಈ ಸಂಶೋಧನೆಯಿಂದ ರೋಗಿಗಳಿಗೆ ಏನು ಸಿಕ್ಕಿದೆ ಎಂದು. ಮುಂದೆ ಉಪಯೋಗಕ್ಕೆ ಬರುತ್ತದೆ ಎಂಬ ಎಂದಿನ ಉತ್ತರವನ್ನೇ ನಾನು ಕೊಟ್ಟೆ. ನನಗಂತೂ ಎಲ್ಲ ಸಿಕ್ಕಿತು, ಕೆಲಸ, ಹೆಸರು, ಈ ಪ್ರಯೋಗಾಲಯ. ದೊಡ್ಡಾಯಿಗೆ ನನ್ನಿಂದ ಏನೂ ಸಿಗಲಿಲ್ಲ. ಅವರಿಗೆ ಅದರ ಬೇಸರ ಇರಲಿಲ್ಲ. ನನಗಿದೆ.